ಕಾಗದದ ತಟ್ಟೆಯ ಸ್ಟೀರಿಂಗು

ಕನ್ನಡಿಯಲ್ಲಿ ನೀಲಿ ದೀಪ ಮಿಟುಕಿದಾಗ ಅಲಾಂಜೊ ಪೆಟಿಫರ್ಡನ ಬಲಗೈ ಬೆರಳು ಕೇಕಿನೊಳಗಿತ್ತು. ಕದ್ದ ಕೇಕೇನಲ್ಲ, ಮಗಳು ರೆನೀಟಾ ಕೈಯಾರೆ ಬೆಳ್ಳಿ ಹಾಳೆಯಲ್ಲಿ ಸುತ್ತಿ, ಕಾಗದದ ಚೀಲಕ್ಕೆ ಹಾಕಿ ಕೊಟ್ಟಿದ್ದು. ಆದರೆ ಕೊಡುವಾಗ, "ಡಿಕ್ಕಿಯಲ್ಲಿ ಇಡಪ್ಪ, ಮುಂದೆ ಇಟ್ಕೋಬೇಡ. ಮನೆಗೆ ಹೋದ್ಮೇಲೇ ಬಿಚ್ಚು, ಬಿಚ್ಚಿದ ತಕ್ಷಣ ನನಗೆ ಫೋನ್ ಮಾಡು" ಎಂದು ಎರಡೆರಡು ಸಲ ಹೇಳಿದ್ದಳು. ಹೇಳುವಾಗ ನಕ್ಕಿರಲಿಲ್ಲ. ಸಕ್ಕರೆ ಕಾಯಿಲೆಯವನ ಮಗಳು ಹಾಗೆ ಹೇಳದೆ ಇನ್ನು ಹೇಗೆ ಹೇಳಿಯಾಳು ಅಂದುಕೊಂಡು ಅವನು ತಲೆಯಾಡಿಸಿ, ಅವಳು ಬಾಗಿಲು ಹಾಕಿಕೊಂಡದ್ದೇ ತಡ, ಚೀಲವನ್ನು ಪಕ್ಕದ ಸೀಟಿನ ಮೇಲೆ ಹೆಂಡತಿಯನ್ನು ಕೂರಿಸುವಷ್ಟು ಜೋಪಾನವಾಗಿ ಕೂರಿಸಿದ್ದ. ಡಿಕ್ಕಿಯಲ್ಲಿಡಲು ಅದೇನು ಸ್ಟೆಪ್ನಿಯೇ? ಅದೂ ತೀರಿಹೋದ ಹೆಂಡತಿ ಎಟಾ ಮಾಡುತ್ತಿದ್ದ ಬೆಣ್ಣೆ ಕೇಕು, ಅಂಚೆಲ್ಲ ಕಂದು ಕಟ್ಟಿದ್ದು. ಎಟಾ ಬದುಕಿರುವಷ್ಟು ದಿನ ಆ ಅಂಚನ್ನು ಬೇರೆ ಯಾರಿಗೂ ಕೊಡದೆ ಅವನಿಗೇ ಕೊಯ್ದು ಇಡುತ್ತಿದ್ದಳು. "ಬೆಣ್ಣೆ ಕೇಕು ಅಂದ್ರೆ ಎತ್ತಿದ್ರೆ ಕೈ ಜಗ್ಗಬೇಕು ರೀ" ಅನ್ನುವುದು ಅವಳ ಮಾತು. ಈ ಚೀಲ ನಿಜವಾಗಿಯೂ ಕೈ ಜಗ್ಗಿತ್ತು. ಮಗಳಿಗೆ ಅಮ್ಮನ ಕೈಗುಣ ಬಂದೇ ಬಂತು ಎಂದು ಅವನಿಗೆ ಕಣ್ಣೂ ತೇವವಾಗಿ, ಬಾಯಲ್ಲಿ ನೀರೂ ಬಂದು, ಡರ್ಹಮ್ ದಾಟಿ ರಾಕ್ಸ್‌ಬರೋ ದಾರಿ ಹಿಡಿಯುವ ಹೊತ್ತಿಗೆ ಹಾಳೆಯ ಮೂಲೆ ಸೀಳಿ, ಅಂಚನ್ನು ಚೂರು ಚೂರೇ ಮುರಿಯತೊಡಗಿದ್ದ. ಒಂದು ದೊಡ್ಡ ಚೂರು ಕಾಲ ಹತ್ತಿರ ಬಿತ್ತು. ಬಗ್ಗಿದ. ಕಾರು ಹಳದಿ ಗೆರೆಯ ಆಚೆ ಹೋಗಿ, ಅಲ್ಲಿನ ಕ್ಷೇಮಸಮಾಚಾರ ವಿಚಾರಿಸಿಕೊಂಡು ಈಚೆ ಬಂತು. ಆಗ ದೀಪ.

ಕೇಕಿನಿಂದಲೇ ಸಾಯುತ್ತೀಯ ಎಂದು ಡಾಕ್ಟರು ಹೇಳಿದ್ದು ಹೀಗೆ ಎಂದು ಗೊತ್ತಿರಲಿಲ್ಲ ಅಂದುಕೊಳ್ಳುತ್ತ ಅವನು ಪೈನ್ ಮರಗಳ ಪಕ್ಕಕ್ಕೆ ಗಾಡಿ ಒತ್ತರಿಸಿ ನಿಲ್ಲಿಸಿದ. ಬೆರಳು ಚೀಪಿಕೊಂಡ. ಚೀಪಿದ ಬೆರಳನ್ನು ಪ್ಯಾಂಟಿಗೆ ಒರೆಸಹೋದವನು ಬೆಚ್ಚಿ, ಕೈಯನ್ನು ಸ್ಟೀರಿಂಗಿನ ಮೇಲಕ್ಕೆ ತಂದ. ಗಡಿಯಾರದ ಲೆಕ್ಕದಲ್ಲಿ ಎಡಗೈ ಹತ್ತು ಗಂಟೆ, ಬಲಗೈ ಎರಡು ಗಂಟೆ. ಮೊಣಕೈಯಿಂದ ಬಲಸೊಂಟವನ್ನು ಒಮ್ಮೆ ಮುಟ್ಟಿ ನೋಡಿದ. ಕೋಟಿನ ಕೆಳಗೆ ಪಿಸ್ತೂಲಿನ ಒರೆ ಗಟ್ಟಿಯಾಗಿ ತಾಗಿತು. ಸರಿ. ಈಗ ವಾಕ್ಯ. ಆ ಒಂದು ವಾಕ್ಯವನ್ನು ಹೇಳುವ ದಿನ ಬರಬಾರದು ಎಂದು ಪ್ರಾರ್ಥಿಸುತ್ತಿದ್ದವನೂ ಅವನೇ, ಬಂದರೆ ಹೇಗೆ ಹೇಳಬೇಕು ಎಂದು ದಿನಾ ಬೆಳಿಗ್ಗೆ ಗಡ್ಡ ಹೆರೆಯುತ್ತ ಕನ್ನಡಿಯ ಮುಂದೆ ತಾಲೀಮು ಮಾಡುತ್ತಿದ್ದವನೂ ಅವನೇ. ನಗುತ್ತ ಹೇಳಿ ನೋಡಿದ್ದ, ಕಪಟಿಯಂತೆ ಕಂಡಿತ್ತು. ಗಂಭೀರವಾಗಿ ಹೇಳಿ ನೋಡಿದ್ದ, ಕೊಲೆಗಾರನಂತೆ ಕಂಡಿತ್ತು. ಮುಖದಲ್ಲಿ ಏನೂ ಇಲ್ಲದ ಹಾಗೆ ಹೇಳಹೋಗಿ ಕತ್ತು ಕೊಯ್ದುಕೊಂಡು, ಆ ಭಾನುವಾರ ಚರ್ಚಿನಲ್ಲಿ ಹತ್ತಿ ಅಂಟಿಸಿಕೊಂಡೇ ಪ್ರಕಟಣೆ ಓದಿದ್ದ.

ಪ್ರಕಟಣೆ ಓದುವುದು ಅವನ ಹುದ್ದೆ ಅಂದರೆ ಹುದ್ದೆ, ಹೆಮ್ಮೆ ಅಂದರೆ ಹೆಮ್ಮೆ. ನ್ಯೂ ಬೆಥನಿ ಚರ್ಚಿನಲ್ಲಿ ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರ ತಿಥಿ, ಯಾರ ಮಗು, ಯಾವ ಶುಕ್ರವಾರ ಮೀನೂಟ ಎಲ್ಲವನ್ನೂ ಪಾಸ್ಟರಿಗಿಂತ ದೊಡ್ಡ ದನಿಯಲ್ಲಿ ಹೇಳುವವನು ಅವನು. ಮುದುಕಿಯರು "ಅಲಾಂಜೊ ಅಣ್ಣ ಓದಿದ್ರೆ ಸತ್ತೋರ ಹೆಸ್ರೂ ಎದ್ದು ಕೂತ್ಕೊಳತ್ತೆ" ಅನ್ನುತ್ತಿದ್ದರು. ಎಲ್ಲೋ ದೂರದ ಚರ್ಚಿನಲ್ಲಿ ಯಾವನೋ ನುಗ್ಗಿ ಗುಂಡು ಹಾರಿಸಿದ ಸುದ್ದಿ ಬಂದಾಗ ಪಾಸ್ಟರು ರಕ್ಷಣಾ ಸಮಿತಿ ಅಂತ ಮಾಡಿ ಮೂವರನ್ನು ಕರೆದು, ಪಿಸ್ತೂಲಿನ ಪರ್ಮಿಟ್ ಮಾಡಿಸಿಕೊಳ್ಳಿ ಅಂದರು. ಅವನು ತನ್ನನ್ನು ಕರೆದದ್ದಕ್ಕೇ ಉಬ್ಬಿಹೋದ. ಉಬ್ಬಿದ್ದು ಒಂದು ಕಾರಣ. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಎಟಾ ಹೋದ ಮೇಲೆ ಮನೆ ಕಿರುಗುಟ್ಟತೊಡಗಿತ್ತು. ಮೊದಲೂ ಕಿರುಗುಟ್ಟುತ್ತಿತ್ತೋ ಏನೋ, ಅವಳ ಮಾತಿನಲ್ಲಿ ಕೇಳುತ್ತಿರಲಿಲ್ಲ. ಅಂಗಡಿಗೆ ಹೋಗುವಾಗ, ಔಷಧಿ ತರುವಾಗ ಪಕ್ಕದಲ್ಲಿ ಯಾರೂ ಇಲ್ಲದ್ದಕ್ಕೆ ಅವನಿಗೆ ಹೆದರಿಕೆಯಾಗುತ್ತಿತ್ತು. ಪಿಸ್ತೂಲು ಸೊಂಟಕ್ಕೆ ಬಂದ ಮೇಲೆ ಯಾರೋ ಜೊತೆಗಿದ್ದಾರೆ ಅನ್ನಿಸುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಜನ ಕೈ ತಟ್ಟಿ ನಗುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವನೇ ನಗುತ್ತಿದ್ದ.

ನಾರ್ತ್ ಕ್ಯಾರೊಲಿನಾದಲ್ಲಿ ಕಾನೂನು ಏನೆಂದರೆ, ಪಿಸ್ತೂಲು ಮರೆಯಲ್ಲಿ ಇಟ್ಟುಕೊಂಡವನು ಪೊಲೀಸು ಹತ್ತಿರ ಬಂದ ಕೂಡಲೇ, ಅವನು ಕೇಳುವ ಮುಂಚೆಯೇ, ತಾನಾಗಿ ಹೇಳತಕ್ಕದ್ದು. ಪರ್ಮಿಟ್ಟಿನ ತರಗತಿ ನಡೆಸುತ್ತಿದ್ದ ವಲೀಡಾ ಕ್ರಂಪ್, ಮಿಲಿಟರಿಯಿಂದ ನಿವೃತ್ತಳಾದ ಗಟ್ಟಿ ಹೆಂಗಸು, ಗುರಿ ಹೊಡೆಯುವುದಕ್ಕೆ ಕೊಟ್ಟಷ್ಟೇ ಹೊತ್ತನ್ನು ಈ ಹೇಳುವುದಕ್ಕೂ ಕೊಟ್ಟಿದ್ದಳು. ಎಲ್ಲರಿಗೂ ಒಂದೊಂದು ಊಟದ ಕಾಗದದ ತಟ್ಟೆ ಹಂಚಿ, ಇದೇ ನಿಮ್ಮ ಸ್ಟೀರಿಂಗು, ಹಿಡ್ಕೊಳ್ಳಿ, ಅಂದಳು. ಸೂಟು ಬೂಟು ಹಾಕಿದ ಚರ್ಚಿನ ಹಿರಿಯರು, ಲಾರಿ ಓಡಿಸುವವರು, ಒಬ್ಬ ನರ್ಸಮ್ಮ, ಎಲ್ಲರೂ ಕುರ್ಚಿಯ ಮೇಲೆ ಕೂತು ತಟ್ಟೆ ಹಿಡಿದು ದಾರಿ ನೋಡುತ್ತಿದ್ದರು. ಕ್ರಂಪಮ್ಮ ಪೊಲೀಸಾಗಿ ಬಂದು ಇಲ್ಲದ ಕಿಟಕಿಯನ್ನು ಕುಟ್ಟುತ್ತಿದ್ದಳು. "ಮೊದ್ಲು 'ಪರ್ಮಿಟ್' ಅನ್ನಿ. ಮಿಕ್ಕಿದ್ದು ಆಮೇಲೆ. 'ಪಿಸ್ತೂಲು' ಅನ್ನೋದು ಮೊದ್ಲು ಕಿವಿಗೆ ಬಿತ್ತೋ, ಆಮೇಲಿಂದು ಅವ್ರಿಗೆ ಕೇಳ್ಸಲ್ಲ. ನಮ್ಮ ಕಪ್ಪು ಬಣ್ಣದೋರ ಬಾಯಿಂದ ಬಂದ್ರಂತೂ ಮೊದ್ಲೂ ಕೇಳ್ಸಲ್ಲ, ಆಮೇಲೂ ಕೇಳ್ಸಲ್ಲ. ಕೈ ತಟ್ಟೆ ಮೇಲೇ ಇರ್ಲಿ. ತಟ್ಟೆ ಬಿಟ್ರೋ, ಸತ್ರಿ!" ಅಲಾಂಜೊನ ಸರದಿ ಬಂತು. ಅವನು ಗಂಟಲು ಸರಿಮಾಡಿಕೊಂಡು, ಎದೆಯಿಂದ ದನಿ ತೆಗೆದು ಹೇಳಿದ. ಕ್ರಂಪಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಪೆಟಿಫರ್ಡ್ ಸಾಹೇಬ್ರೇ, ನೀವು ಪೊಲೀಸಿಗೆ ಹೇಳ್ತಿಲ್ಲ, ಶುಕ್ರವಾರದ ಮೀನೂಟಕ್ಕೆ ಕರೀತಿದೀರಿ." ನರ್ಸಮ್ಮ ನಕ್ಕು ನಕ್ಕು ತನ್ನ ಸ್ಟೀರಿಂಗನ್ನು ಮುರಿದುಕೊಂಡಳು. "ನಗ್ಬೇಡಿ," ಅಂದಿದ್ದಳು ಕ್ರಂಪಮ್ಮ, ನಗದೆ. "ದೊಡ್ಡ ದನಿ ಚರ್ಚಿಗೆ ಚೆಂದ. ದಾರೀಲಿ ಅದೇ ಮುಳುವು. ಚಿಕ್ಕದಾಗಿ ಹೇಳಿ ಅಣ್ಣಾ. ಇನ್ನೂ ಚಿಕ್ಕದಾಗಿ." ಎಷ್ಟು ಸಲ ಹೇಳಿದರೂ ಅವನಿಗೆ ಚಿಕ್ಕದಾಗಿ ಹೇಳುವುದು ಬರಲಿಲ್ಲ. ಕೊನೆಗೆ ಅವಳು, ದೇವರು ದೊಡ್ಡವನು ಅಂದು ಪಾಸು ಮಾಡಿದ್ದಳು.

ಈಗ ಪಕ್ಕದ ಕನ್ನಡಿಯಲ್ಲಿ ಖಾಕಿ ಪ್ಯಾಂಟು ದೊಡ್ಡದಾಗುತ್ತ ಬಂತು. ಚಿಕ್ಕ ವಯಸ್ಸಿನ ಬಿಳಿಯ ಹುಡುಗ. ಕತ್ತು ಕೆಂಪಗೆ ಸುಟ್ಟಿತ್ತು, ಎದೆಯ ಬಿಲ್ಲೆಯಲ್ಲಿ ಹಾರ್ಟ್‌ಸೆಲ್ ಎಂದಿತ್ತು. ಅವನ ತುಟಿ ಸಣ್ಣಗೆ ಅಲುಗುತ್ತಿದ್ದದ್ದು ಅಲಾಂಜೊನಿಗೆ ಕಂಡಿತು. ಇವನೂ ತನ್ನ ವಾಕ್ಯ ಉರುಹೊಡೆಯುತ್ತಿದ್ದಾನೆ, ಇವನ ಕೈಗೂ ಯಾರೋ ಕಾಗದದ ತಟ್ಟೆ ಕೊಟ್ಟಿರಬೇಕು ಅನ್ನಿಸಿ ನಗು ಬರುವಂತಾಗಿ, ನಕ್ಕರೆ ಕೆಟ್ಟೆ ಎಂದು ಹಲ್ಲು ಕಚ್ಚಿದ. ಕಿಟಕಿ ಇಳಿದೇ ಇತ್ತು. "ನಮಸ್ಕಾರ ಸರ್, ನಿಮ್ಮನ್ನ ಯಾಕೆ ನಿಲ್ಲಿಸ್ದೆ ಅಂದ್ರೆ..." ಎಂದು ಹುಡುಗ ಶುರುಮಾಡುವುದಕ್ಕೂ ಅಲಾಂಜೊ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಬಾಯಿಯಿಂದ ಬಂದದ್ದು ಇದು: "ಎಲ್ಲಕ್ಕೂ ಮೊದಲು ಆ ದೇವರಿಗೂ, ನಮ್ಮ ಪಾಸ್ಟರವರಿಗೂ, ಅವರ ಧರ್ಮಪತ್ನಿಯವರಿಗೂ ವಂದನೆ ಸಲ್ಲಿಸುತ್ತ..."

ಪ್ರಕಟಣೆಯ ಮೊದಲ ಸಾಲು. ಇಷ್ಟು ವರ್ಷ ಭಾನುವಾರ ಭಾನುವಾರ ಹೇಳಿ ಹೇಳಿ ನಾಲಿಗೆಗೆ ಅದೇ ದಾರಿ ಸವೆದಿತ್ತು. ಬಾಯಿ ತೆರೆದರೆ ಹೊರಬೀಳುವುದು ಅದೇ. ಹಾರ್ಟ್‌ಸೆಲ್ ಒಂದು ಹೆಜ್ಜೆ ಹಿಂದೆ ಹೋದ. "ಏನಂದ್ರಿ ಸರ್?"

"ಪರ್ಮಿಟ್!" ಎಂದು ಅಲಾಂಜೊ ಕೂಗಿದ. ಪೈನ್ ಮರದಿಂದ ಒಂದು ಕಾಗೆ ಎದ್ದುಹೋಯಿತು. "ಪರ್ಮಿಟ್ ಇದೆ ಸರ್ ನನ್ನ ಹತ್ರ. ಈಗ ಪಿಸ್ತೂಲು ಇಟ್ಕೊಂಡಿದೀನಿ. ಬಲಗಡೆ ಸೊಂಟದಲ್ಲಿ. ನನ್ನ ಕೈ ಇಲ್ಲಿವೆ. ಏನ್ಮಾಡ್ಲಿ, ನೀವೇ ಹೇಳಿ." ಹೇಳಿಯಾಯಿತು. ಮೀನೂಟಕ್ಕೆ ಕರೆದ ಹಾಗೇ ಇತ್ತು, ಆದರೂ ಹೇಳಿಯಾಯಿತು. ಹುಡುಗನ ಕೈ ತನ್ನ ಸೊಂಟದ ಹತ್ತಿರ ಹೋಗಿ ಅಲ್ಲೇ ತಂಗಿತು. "ಹೇಳಿದ್ದು ಒಳ್ಳೇದಾಯ್ತು ಸರ್. ನೀವು ನಿಮ್ದನ್ನ ಮುಟ್ಬೇಡಿ, ನಾನು ನಂದನ್ನ ಮುಟ್ಟಲ್ಲ. ನಿಧಾನಕ್ಕೆ ಇಳೀರಿ, ಕಾರಿನ ಕಡೆ ಮುಖ ಮಾಡಿ ಕೈ ಮೇಲಿಡಿ, ನಾನೇ ತಗೋತೀನಿ." ಅಲಾಂಜೊ ಇಳಿದ. ಕಾರಿನ ತಗಡು ಕಾದಿತ್ತು. ಅಂಗೈ ಸುಡುತ್ತಿದ್ದರೂ ತೆಗೆಯಲಿಲ್ಲ. ದಾರಿಯಲ್ಲಿ ಒಂದೊಂದೇ ಕಾರು ನಿಧಾನ ಮಾಡಿ ನೋಡಿ ಹೋಗುತ್ತಿತ್ತು. ಚರ್ಚಿನವರು ಯಾರಾದರೂ ಇರಬಹುದೇ ಎಂದು ಅವನಿಗೆ ಚಿಂತೆ. ಪ್ರಾಣ ಹೋಗುವ ಹೊತ್ತಿನಲ್ಲೂ ಮಾನದ ಚಿಂತೆ. ಹುಡುಗ ಹಿಂದಿನಿಂದ ಕೋಟೆತ್ತಿ ಕೈಹಾಕಿದ. ಬೆರಳು ಒರೆಯೊಳಗೆ ತಡಕಾಡಿತು. ಆಮೇಲೆ ಹುಡುಗನ ದನಿ ಬದಲಾಗಿತ್ತು.

"ಇದು ಖಾಲಿ ಇದೆ. ಎಲ್ಲಿ ಅದು?"

ಖಾಲಿ ಅಂದರೆ ಏನು ಎಂದು ಅಲಾಂಜೊನಿಗೆ ಮೊದಲು ತಿಳಿಯಲೇ ಇಲ್ಲ. "ಅಲ್ಲೇ ಇದೆ ಸರ್, ಸರಿಯಾಗಿ ನೋಡಿ" ಎಂದ, ಅಂಗಡಿಯಲ್ಲಿ ಸಾಮಾನು ಹುಡುಕಲು ಬಾರದ ಹುಡುಗನಿಗೆ ಹೇಳುವ ಹಾಗೆ. "ಸರ್, ಒರೆ ಇದೆ. ಪಿಸ್ತೂಲಿಲ್ಲ. ಕೈ ತೆಗೀಬೇಡಿ! ಪಿಸ್ತೂಲು ಎಲ್ಲಿ?" ಆಗ ಅವನ ಕಣ್ಣ ಮುಂದೆ ಕಾರಿನ ತಗಡು ಹೋಗಿ ಒಂದು ಬಿಳಿಯ ಫ್ಲಶ್ ಟ್ಯಾಂಕು ಬಂತು. ಅದರ ಮೇಲೆ ರೆನೀಟಾ ಮಡಿಸಿಟ್ಟ ಹಳದಿ ಟವೆಲು. ಟವೆಲಿನ ಪಕ್ಕದಲ್ಲಿ ಅವನ ಪಿಸ್ತೂಲು. ಪಿಸ್ತೂಲಿನ ಪಕ್ಕದಲ್ಲಿ ಮೊಮ್ಮಗಳು ಇಮಾನಿಯ ರಬ್ಬರ್ ಬಾತುಕೋಳಿ.

ಇವತ್ತು ಇಮಾನಿಯ ಐದನೇ ಹುಟ್ಟುಹಬ್ಬ. ಮನೆ ತುಂಬ ಮಕ್ಕಳು. "ಆ ವಸ್ತು ಸೊಂಟದಲ್ಲಿಟ್ಕೊಂಡು ನನ್ನ ಮನೆಗೆ ಬರ್ಬೇಡ ಅಪ್ಪ, ಕೈ ಮುಗೀತೀನಿ" ಎಂದು ರೆನೀಟಾ ಪರ್ಮಿಟ್ ಬಂದ ದಿನವೇ ಹೇಳಿದ್ದಳು. ಅವನು ಆಣೆ ಮಾಡುವಷ್ಟು ಗಂಭೀರವಾಗಿ ಒಪ್ಪಿದ್ದ. ಒಪ್ಪಿ, ಅಂದಿನಿಂದ ಮಗಳನ್ನು ಎಡಗಡೆಯಿಂದ ಮಾತ್ರ ಅಪ್ಪಿಕೊಳ್ಳುತ್ತಿದ್ದ. ಬಾಗಿಲಲ್ಲಿ ಅವಳು ಎರಡೂ ತೋಳು ಚಾಚಿ ಬಂದರೆ ಇವನು ನಾಟಕದ ರಾಜನಂತೆ ಅರ್ಧ ತಿರುಗಿ ಎಡಭುಜ ಒಡ್ಡುವುದು. ಇವತ್ತೂ ಒಡ್ಡಿದ. "ಮನೇಲೇ ಬಿಟ್ಟು ಬಂದೆ ತಾನೇ?" ಎಂದು ಅವಳು ಕಿವಿಯಲ್ಲಿ ಕೇಳಿದಳು. "ಮನೇಲೇ, ಮನೇಲೇ" ಅಂದ. ಅವಳು ಅವನ ಎಡಬೆನ್ನನ್ನು ತಟ್ಟಿ ಒಳಗೆ ಹೋದಳು. ಬಲಗಡೆಯಲ್ಲಿ ಏನಿದೆ ಎಂದು ಗೊತ್ತಿಲ್ಲದವಳು ಯಾಕೆ ಯಾವಾಗಲೂ ಎಡಬೆನ್ನನ್ನೇ ತಟ್ಟುತ್ತಾಳೆ ಎಂದು ಇಷ್ಟು ದಿನ ಅವನಿಗೆ ಹೊಳೆದಿರಲಿಲ್ಲ. ಆಮೇಲೆ ಮಾಂಸ ತಿಂದು, ಕ್ಯಾಬೇಜು ತಿಂದು, ಹೊಟ್ಟೆ ಕೆಟ್ಟು ಬಚ್ಚಲಿಗೆ ಹೋಗಿದ್ದ. ಬೆಲ್ಟು ಸಡಿಲಿಸಿದರೆ ಪಿಸ್ತೂಲಿನ ಭಾರಕ್ಕೆ ಪ್ಯಾಂಟು ದಡಕ್ಕನೆ ನೆಲಕ್ಕೆ ಬೀಳುತ್ತದೆ. ಸೊಂಟದಲ್ಲಿ ಇದನ್ನು ಕಟ್ಟಿಕೊಂಡವರಿಗೆಲ್ಲ ಇರುವ ಪಾಡು, ಇದನ್ನು ಕ್ರಂಪಮ್ಮನೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಅದನ್ನು ಒರೆಯಿಂದ ತೆಗೆದು ಟ್ಯಾಂಕಿನ ಮೇಲಿಟ್ಟ. ಅಷ್ಟರಲ್ಲಿ ರೆನೀಟಾಳ ಅತ್ತೆ ಕ್ಲಾಡೀನಮ್ಮ ಬಾಗಿಲು ಬಡಿದಳು. "ಬೀಗ್ರೇ, ಬದ್ಕಿದೀರೋ ಇಲ್ವೋ? ಹೊರಗೆ ಸಾಲು ನಿಂತಿದೆ!" ಅವನಿಗೆ ನಾಚಿಕೆಯಾಗಿ, ಅವಸರವಸರವಾಗಿ ಬೆಲ್ಟು ಬಿಗಿದು, ಕೈ ತೊಳೆದು, ಏನೂ ಆಗದವನಂತೆ ಹಾಡು ಗುನುಗುತ್ತ ಹೊರಬಂದಿದ್ದ. ಯಾರ ರಕ್ಷಣೆಗೆ ಕಟ್ಟಿಕೊಂಡದ್ದೋ ಅವರ ಮಧ್ಯದಲ್ಲೇ ಅದನ್ನು ಬಿಟ್ಟುಬಂದ ರಕ್ಷಣಾ ಸಮಿತಿಯ ಸದಸ್ಯ. ಸ್ಟೂಲು ಎಳೆದು ಹತ್ತಿ ಹಲ್ಲುಜ್ಜುವ ಮಗು ಇಮಾನಿ. ಟ್ಯಾಂಕು ಅವಳ ಎದೆ ಮಟ್ಟಕ್ಕೂ ಇಲ್ಲ.

"ಸರ್," ಎಂದ ಹಾರ್ಟ್‌ಸೆಲ್, "ಮನೇಲಿ ಬಿಟ್ಟು ಬಂದ್ರಾ? ಮರ್ತಿದೀರಾ?" ದನಿ ಸ್ವಲ್ಪ ಸಡಿಲವಾಗಿತ್ತು. ಮುದುಕ, ಮರೆತಿರಬೇಕು, ಹೌದು ಅಂದುಬಿಡಲಿ, ಇಬ್ಬರೂ ನಕ್ಕು ಬೇರೆಯಾಗೋಣ, ಅನ್ನುವ ಹಾಗಿತ್ತು. ದಾರಿ ತಾನಾಗಿ ತೆರೆದಿತ್ತು. ಹೂಂ ಅಂದರೆ ಮುಗಿಯಿತು. ಪರ್ಮಿಟ್ ಉಳಿಯಿತು, ಮಾನ ಉಳಿಯಿತು. ಮುಂದಿನ ತಿರುವಿನಲ್ಲಿ ಕಾರು ತಿರುಗಿಸಿ ಹಿಂದಕ್ಕೆ ಓಡಿಸಿದರೆ ಮಗಳಿಗೂ ಗೊತ್ತಾಗದೆ, ಕನ್ನಡಕ ಮರೆತೆ ಅಂತ ಬಚ್ಚಲಿಗೆ ನುಗ್ಗಿ... ಎಷ್ಟು ಸಲೀಸಾಗಿ ಸುಳ್ಳು ಹುಟ್ಟುತ್ತದೆ ಎಂದು ಅವನಿಗೇ ಹೇಸಿಗೆಯಾಯಿತು. ಆ ಸಲೀಸಿನ ಮಧ್ಯೆ ಇಮಾನಿ ಸ್ಟೂಲು ಎಳೆಯುವ ಸದ್ದು ನಿಲ್ಲಲಿಲ್ಲ.

"ಮಗಳ ಮನೇಲಿ ಸರ್," ಅಂದ. "ಬಚ್ಚಲಲ್ಲಿ ಬಿಟ್ಬಂದೆ. ಟ್ಯಾಂಕ್ ಮೇಲೆ. ಗುಂಡು ತುಂಬಿದೆ. ಮನೆ ತುಂಬ ಮಕ್ಕಳಿದಾರೆ. ನನ್ನ ಪರ್ಮಿಟ್ ಹರ್ದು ಹಾಕಿ, ಕೋಳ ಹಾಕಿ, ಏನ್ ಬೇಕಾದ್ರೂ ಮಾಡಿ. ಮೊದ್ಲು ಅವಳಿಗೆ ಒಂದು ಫೋನ್ ಹಚ್ಚಿ. ಫೋನು ಗೇರಿನ ಪಕ್ಕ ಇದೆ. ನಾನು ಮುಟ್ಟಲ್ಲ, ನೀವೇ ತಗೊಳ್ಳಿ."

ಹುಡುಗ "ಅಯ್ಯೋ ದೇವ್ರೇ" ಎಂದು ಪೊಲೀಸಿನ ದನಿಯಲ್ಲಲ್ಲದೆ ಮನುಷ್ಯರ ದನಿಯಲ್ಲಿ ಅಂದು, ಬಗ್ಗಿ ಫೋನು ತೆಗೆದ. ಬೀಗ ತೆರೆಯಲು ಮುಖ ತೋರಿಸಬೇಕಿತ್ತು. ಹುಡುಗ ಅದನ್ನು ಅಲಾಂಜೊನ ಮುಖಕ್ಕೆ ಹಿಡಿದ. ಫೋನು ಒಪ್ಪಲಿಲ್ಲ. ಇನ್ನೊಮ್ಮೆ ಹಿಡಿದ. ಒಪ್ಪಲಿಲ್ಲ. "ಸ್ವಲ್ಪ ಮುಖ ಸರಿಯಾಗಿ ಮಾಡಿ ಸರ್." ಅಲಾಂಜೊ ತನ್ನ ಮುಖ ಯಾವುದು ಎಂದು ನೆನಪು ಮಾಡಿಕೊಳ್ಳಲು ನೋಡಿದ. ದಿನಾ ಕನ್ನಡಿಯಲ್ಲಿ ಮೂರು ಥರ ಮಾಡುತ್ತಿದ್ದ ಮುಖದಲ್ಲಿ ಒಂದೂ ಬರಲಿಲ್ಲ. ಕೊನೆಗೆ ಹುಡುಗ ಅಂಕೆಗಳನ್ನು ಕೇಳಿ ಒತ್ತಿದ. ಎಟಾಳ ಹುಟ್ಟಿದ ದಿನ. ಫೋನನ್ನು ಕಾರಿನ ಮೇಲೆ, ಅವನ ಎರಡು ಕೈಗಳ ನಡುವೆ ಇಟ್ಟು ಸ್ಪೀಕರು ಹಾಕಿದ. ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು.

"ಅಪ್ಪ?" ರೆನೀಟಾ. ಹಿಂದೆ ಮಕ್ಕಳ ಕೇಕೆ. "ಮನೆ ಸೇರಿದ್ಯಾ? ಬಿಚ್ಚಿ ನೋಡಿದ್ಯಾ?"

"ರೆನೀಟಾ, ಕೇಳು. ಮಕ್ಕಳೆಲ್ಲ ಎಲ್ಲಿದಾರೆ? ಇಮಾನಿ ಎಲ್ಲಿ? ಬಚ್ಚಲಿಗೆ ಯಾರನ್ನೂ ಬಿಡ್ಬೇಡ ಮಗಳೇ. ನಾನು... ಅದು ನನ್ನ ಹತ್ರ ಇತ್ತು. ಸುಳ್ಳು ಹೇಳ್ದೆ ನಿಂಗೆ. ಯಾವಾಗ್ಲೂ ಸುಳ್ಳೇ ಹೇಳಿದೀನಿ. ಟ್ಯಾಂಕ್ ಮೇಲೆ ಬಿಟ್ಬಂದಿದೀನಿ, ಹೋಗಿ ತಗೋ, ಬೇಗ ಹೋಗು."

ಅವಳು ಓಡುವ ಸದ್ದು ಬರಲಿಲ್ಲ. ಒಂದು ಬಾಗಿಲು ಮುಚ್ಚಿತು, ಮಕ್ಕಳ ಗಲಾಟೆ ದೂರವಾಯಿತು. "ಗೊತ್ತಪ್ಪ," ಅಂದಳು. "ನೀನು ಬಚ್ಚಲಿಂದ ಹೊರಗೆ ಬಂದ್ಮೇಲೆ ನಾನೇ ಹೋಗಿದ್ದು ಒಳಗೆ. ಅತ್ತೆ ನೋಡೋಕ್ಮುಂಚೆ ತೆಗ್ದೆ. ಗುಂಡೆಲ್ಲ ತೆಗೆದು ನಾನೇ ಇಟ್ಕೊಂಡಿದೀನಿ. ಅಷ್ಟು ಜನರ ಮುಂದೆ ನಿನ್ನ ಮರ್ಯಾದೆ ತೆಗ್ಯೋಕೆ ಮನಸ್ಸು ಬರ್ಲಿಲ್ಲ." ಅಲಾಂಜೊ ಹಣೆಯನ್ನು ಕಾದ ತಗಡಿಗೆ ಒತ್ತಿದ. ದೇವರೇ, ದೇವರೇ ಎಂದ. ಅಷ್ಟರಲ್ಲಿ ಅವಳ ದನಿ ಒಮ್ಮೆಲೇ ಚೂಪಾಯಿತು. "ಅಪ್ಪ, ನೀನಿನ್ನೂ ದಾರೀಲಿದೀಯಾ? ಚೀಲ ಎಲ್ಲಿಟ್ಟೆ?"

"ಯಾವ ಚೀಲ?"

"ಕೇಕಿನ ಚೀಲ! ಡಿಕ್ಕಿಯಲ್ಲಿ ಇಡು ಅಂದೆ ಅಲ್ವಾ? ಕೇಕಿನ ಕೆಳಗೆ ಟವೆಲಲ್ಲಿ ಸುತ್ತಿ ಇಟ್ಟಿದೀನಿ ಅದನ್ನ!"

ಕೈ ಜಗ್ಗಿದ್ದು ಬೆಣ್ಣೆಯಲ್ಲ. ಅವನಿಗೆ ಮೊದಲು ಹೊಳೆದದ್ದು, ನಾಚಿಕೆಗೇಡು, ಅದು: ಹಾಗಾದರೆ ಎಟಾಳ ಕೈಗುಣ ಇವಳಿಗೆ ಬಂದಿಲ್ಲ. ಆಮೇಲೆ ಹೊಳೆದದ್ದು, ಕಾರಿನ ಮುಂದಿನ ಸೀಟಿನ ಮೇಲೆ, ಪೊಲೀಸಿಗೆ ಇಲ್ಲಿಲ್ಲ ಎಂದು ಹೇಳಿದ ಪಿಸ್ತೂಲು, ಸೀಳಿದ ಬೆಳ್ಳಿ ಹಾಳೆಯ ಕೆಳಗೆ, ತನ್ನ ಬೆರಳಿನಿಂದ ಎರಡಂಗುಲ ಆಚೆ, ಇಷ್ಟು ಹೊತ್ತೂ ಕೂತಿತ್ತು. ಮೊದಲು ಸೊಂಟದಲ್ಲಿದೆ ಅಂದ. ಆಮೇಲೆ ಬಚ್ಚಲಲ್ಲಿದೆ ಅಂದ. ಈಗ ಸೀಟಿನ ಮೇಲಿದೆ. ಇಂಥವನನ್ನು ಯಾರು ನಂಬಬೇಕು? ಹಿಂದೆ ಹುಡುಗನ ಬೂಟು ಜಲ್ಲಿಯಲ್ಲಿ ಸರಕ್ಕನೆ ಹಿಂದಕ್ಕೆ ಸರಿದದ್ದು ಕೇಳಿತು. ಅವನ ಚರ್ಮದ ಒರೆಯ ಗುಂಡಿ ಬಿಚ್ಚಿದ ಸಣ್ಣ ಸದ್ದು ಕೇಳಿತು. "ಅಲುಗಬೇಡಿ. ಅಲುಗಬೇಡಿ ಸರ್. ಕೈ ನನಗೆ ಕಾಣ್ತಾ ಇರ್ಲಿ!" ಹುಡುಗನ ದನಿ ನಡುಗುತ್ತಿತ್ತು. ಅದೇ ಅಲಾಂಜೊನನ್ನು ಹೆಚ್ಚು ಹೆದರಿಸಿತು.

ಅವನು ಬಾಯಿ ತೆರೆದ. ಎದೆಯಿಂದ ದನಿ ಬರಲಿಲ್ಲ. ಗಂಟಲಿನ ತುದಿಯಿಂದ, ಇಷ್ಟು ವರ್ಷ ತನ್ನೊಳಗಿದೆ ಎಂದೇ ಗೊತ್ತಿಲ್ಲದ, ತೆಳ್ಳಗಿನ, ಬೇಡುವ ದನಿಯೊಂದು ಬಂತು. "ಪರ್ಮಿಟ್ ಇದೆ ಸರ್. ಪರ್ಮಿಟ್ ಇದೆ. ಅದು ಅಲ್ಲಿದ್ದದ್ದು ನಂಗೆ ಗೊತ್ತಿರ್ಲಿಲ್ಲ ಸರ್. ನನ್ನ ಕೈ ಇಲ್ಲಿವೆ. ನಾನು ಅಲುಗಲ್ಲ ಸರ್. ದಮ್ಮಯ್ಯ ಸರ್, ಅಲುಗಲ್ಲ." ಕ್ರಂಪಮ್ಮ ಇದ್ದಿದ್ದರೆ ಮೆಚ್ಚುತ್ತಿದ್ದಳು. ಇಷ್ಟು ಚಿಕ್ಕದಾಗಿ ಅವನು ಯಾವತ್ತೂ ಹೇಳಿರಲಿಲ್ಲ. ಮತ್ತು ಅವನ ಕೈಗಳ ನಡುವೆ ಫೋನು ತೆರೆದೇ ಇತ್ತು. ಮಗಳು ಕೇಳುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದ ಅಪ್ಪನ ದನಿ ಬೇರೆ. ಸಾಯುವುದಾದರೆ ಸಾಯಲಿ, ಈ ದನಿ ಅವಳ ಕಿವಿಗೆ ಬೀಳಬಾರದಾಗಿತ್ತು ಎಂದು ಅವನಿಗನ್ನಿಸಿತು.

"ಯಾರದು? ಯಾರಪ್ಪ ಅಲ್ಲಿ?" ಎಂದು ಫೋನು ಕಿರುಚಿತು. "ಪೊಲೀಸಾ? ಸರ್! ಸರ್, ನಾನು ಅವರ ಮಗಳು! ನಾನೇ ಇಟ್ಟಿದ್ದು ಸರ್ ಅದನ್ನ, ಅವರಿಗೆ ಗೊತ್ತೇ ಇಲ್ಲ! ಖಾಲಿ ಇದೆ, ಗುಂಡು ನನ್ನ ಕೈಯಲ್ಲಿದೆ, ನೋಡಿ, ಕೇಳಿ!" ಅತ್ತ ಕಡೆ ಯಾವುದೋ ಬಟ್ಟಲಿಗೆ ಗುಂಡು ಸುರಿದು ಅಲ್ಲಾಡಿಸಿದ ಗಲಗಲ ಸದ್ದು. "ಅವರಿಗೆ ಅರವತ್ತಮೂರು ವರ್ಷ ಸರ್. ಸಕ್ಕರೆ ಕಾಯಿಲೆ ಇದೆ. ಕೇಕಿನ ಆಸೆಗೆ ಮುಂದಿಟ್ಕೊಂಡಿದಾರೆ, ಅಷ್ಟೇ ಸರ್. ನಮ್ಮಮ್ಮ ತೀರ್ಕೊಂಡಿದಾರೆ. ಅವರು ಚರ್ಚಲ್ಲಿ ಪ್ರಕಟಣೆ ಓದ್ತಾರೆ ಸರ್. ಚೆನ್ನಾಗಿ ಓದ್ತಾರೆ. ಅವರ್ನ ಏನೂ ಮಾಡ್ಬೇಡಿ ಸರ್. ದಯವಿಟ್ಟು ಅವರ್ನ ಏನೂ ಮಾಡ್ಬೇಡಿ."

ಆಮೇಲೆ ನಡೆದದ್ದು ಬಹಳ ನಿಧಾನಕ್ಕೆ ನಡೆಯಿತು, ಅಥವಾ ಅವನಿಗೆ ಹಾಗನ್ನಿಸಿತು. ಹುಡುಗ ಸುತ್ತಿ ಹೋಗಿ ಆಚೆ ಬಾಗಿಲು ತೆರೆದ. ಚೀಲ ಹೊರತೆಗೆದು ಕಾರಿನ ಮೂತಿಯ ಮೇಲಿಟ್ಟ. ಮೊದಲು ಕೇಕು ಬಂತು. ಅಂಚೆಲ್ಲ ಇಲಿ ತಿಂದಂತಾಗಿತ್ತು. ಹುಡುಗ ಅದನ್ನು ನೋಡಿ, ಅಲಾಂಜೊನ ಮುಖ ನೋಡಿ, ಮತ್ತೆ ಕೇಕು ನೋಡಿದ. ಆಮೇಲೆ ಹಳದಿ ಟವೆಲು. ಬಿಚ್ಚಿ, ತೆರೆದು, ಒಳಗೆ ಬೆರಳಾಡಿಸಿ ನೋಡಿದ. ಉಸಿರು ಬಿಟ್ಟದ್ದು ಈಚೆಗೂ ಕೇಳಿತು. "ಖಾಲಿ," ಅಂದ. ಒಂದು ಕೈಯಿಂದ ಮುಖದ ಬೆವರು ಒರೆಸಿಕೊಂಡ. ಪಿಸ್ತೂಲನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಮುಚ್ಚಿದ. ಪರ್ಮಿಟ್ಟನ್ನು ತನ್ನ ಗಾಡಿಗೆ ಕೊಂಡುಹೋಗಿ ನೋಡಿ ಬಂದ. ಗೆರೆ ದಾಟಿದ್ದಕ್ಕೆ ಎಚ್ಚರಿಕೆ ಅಷ್ಟೇ ಅಂದ. ಹೋಗುವ ಮುಂಚೆ ಬೇರೆ ಕಡೆ ನೋಡುತ್ತ, "ಮಗಳು ಡಿಕ್ಕಿ ಅಂದ್ರೆ ಡಿಕ್ಕಿ ಸರ್" ಅಂದ. ನಗಿಸಬೇಕೆಂದು ಹೇಳಿದ್ದು. ಅಲಾಂಜೊ ನಕ್ಕ ಕೂಡ. ಹೌದು ಸರ್, ಸರಿ ಸರ್, ಥ್ಯಾಂಕ್ಯೂ ಸರ್, ದೇವರು ನಿಮಗೆ ಒಳ್ಳೇದು ಮಾಡ್ಲಿ ಸರ್, ಎಂದು ಮಗಳಿಗಿಂತಲೂ ಚಿಕ್ಕವನಾದ ಹುಡುಗನಿಗೆ ಒಂದೇ ಉಸಿರಿನಲ್ಲಿ ಎಷ್ಟು ಸರ್ ಹಿಡಿಯುತ್ತವೋ ಅಷ್ಟನ್ನೂ ಹೇಳಿದ.

ನೀಲಿ ದೀಪ ಆರಿತು. ಪೊಲೀಸಿನ ಗಾಡಿ ಮುಂದಕ್ಕೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಅಲಾಂಜೊ ಕಾರಿನೊಳಗೆ ಕೂತಿದ್ದ. ಯಾವಾಗ ಒಳಗೆ ಬಂದು ಕೂತನೋ ನೆನಪಿರಲಿಲ್ಲ. ಫೋನು ತೊಡೆಯ ಮೇಲಿತ್ತು. ಪಕ್ಕದ ಸೀಟಿನಲ್ಲಿ ಕೇಕು, ಈಗ ಹಗುರ, ಬರೀ ಕೇಕಿನಷ್ಟೇ ಭಾರ. ಚರ್ಚಿನಲ್ಲಿ ಮುಂದಿನ ಭಾನುವಾರ ಇದನ್ನೇ ತಮಾಷೆಯ ಕಥೆಯಾಗಿ ಹೇಳಬಹುದು, ಇಲಿ ತಿಂದ ಕೇಕು, ಪಾಸ್ಟರಿಗೆ ವಂದನೆ, ಮುಖ ಗುರುತಿಸದ ಫೋನು, ಜನ ಬಿದ್ದು ಬಿದ್ದು ನಗುತ್ತಾರೆ ಎಂದು ಅವನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಆ ತೆಳ್ಳಗಿನ ದನಿಯನ್ನು ಮಾತ್ರ ಕಥೆಯಲ್ಲಿ ಎಲ್ಲಿಡುವುದು ಎಂದು ತಿಳಿಯಲಿಲ್ಲ.

"ಅಪ್ಪ," ಎಂದಿತು ತೊಡೆ. ರೆನೀಟಾ ಇನ್ನೂ ಇದ್ದಳು. ಅತ್ತಿದ್ದಳು, ದನಿ ಒದ್ದೆಯಾಗಿತ್ತು. "ಹೋದ್ರಾ ಅವ್ರು?"

"ಹೋದ್ರು."

"ನಾನು ಹಾಗಿಡಬಾರ್ದಿತ್ತು. ನೀನು ತರಬಾರ್ದಿತ್ತು. ಇಬ್ರೂ ಬಾಯಿ ಬಿಟ್ಟು ಒಂದ್ಮಾತು..." ಅಲ್ಲಿಗೆ ನಿಲ್ಲಿಸಿದಳು. ಮೂಗೊರೆಸಿಕೊಂಡಳು. ಹಿಂದೆ ಇಮಾನಿ ಯಾರನ್ನೋ ಕರೆಯುತ್ತಿದ್ದಳು. "ಗಾಡಿ ಶುರು ಮಾಡ್ದ್ಯಾ?"

"ಇನ್ನೂ ಇಲ್ಲ."

"ಯಾಕೆ? ಎದೆ ನೋವಾ? ಅಪ್ಪ?"

ಇಲ್ಲ, ಚೆನ್ನಾಗಿದೀನಿ, ಇಗೋ ಹೊರಟೆ ಎಂದು ಹೇಳಬೇಕೆಂದುಕೊಂಡ. ಎದೆಯ ದನಿ ಅದಕ್ಕೆ ಸಿದ್ಧವಾಗಿ ಬಂದು ಗಂಟಲಲ್ಲಿ ನಿಂತಿತ್ತು. ಅವನು ಕೆಳಗೆ ನೋಡಿದ. ಎಡಗೈ ಹತ್ತು ಗಂಟೆಯಲ್ಲಿತ್ತು, ಬಲಗೈ ಎರಡು ಗಂಟೆಯಲ್ಲಿತ್ತು, ಬೆರಳೆಲ್ಲ ಸ್ಟೀರಿಂಗಿಗೆ ಬಿಗಿದುಕೊಂಡಿದ್ದವು. ತೆಗೆ ಅಂದರೆ ತೆಗೆಯುತ್ತಿರಲಿಲ್ಲ.

"ಕೈ ಬಿಡೋಕೆ ಆಗ್ತಿಲ್ಲ ಮಗಳೇ," ಅಂದ, ಆ ಚಿಕ್ಕ ದನಿಯಲ್ಲೇ.